ಒಂದಕ್ಕೆ ಹೋದಾಗಲೆಲ್ಲ ಬರುತ್ತಿದ್ದವರಿಗೆ

…ಕೆಟ್ಟದ್ದಲ್ಲ ಎಂದರೋ, ಅಷ್ಟೇನೂ ಕೆಟ್ಟದ್ದಲ್ಲ ಎಂದರೋ, ತಮ್ಮ ಬಗ್ಗೆ ಯಾದಗಿರಿಯ ಡಾಕ್ಟರ್ ಅಂಬರೀನ ಅವರು ಆಡಿದ ಮಾತು ನನಗೆ ಪೂರ್ತಿ ನೆನಪಿಲ್ಲ. ಹೀಗಾಗಿ ತಮಗೆ ಎಷ್ಟು ಗೌರವ ಸಲ್ಲಿಸಬೇಕೆಂಬ ಅನುಮಾನ ಉಳಿದಿದೆ. ಮೂರು ವಾರದ ಹಿಂದಿನವರೆಗೆ ನನ್ನ ಮೂತ್ರಕೋಶದ ಗೋಡೆಯಲ್ಲಿದ್ದು ಈಗ ಆಸ್ಪತ್ರೆಯ ಗಾಜಿನ ಭರಣಿ ಸೇರಿರುವ ಮಾನ್ಯ ಗಡ್ಡೆಯವರೇ, ಸುರಪುರದ ತಾಲೂಕು ಕಚೇರಿಯೆದುರು ಇಪ್ಪತ್ತೆರಡು ವರ್ಷ ಪರರ ಅರ್ಜಿ ಬರೆದ ಭೀಮಾಶಂಕರನಾದ ನಾನು ಮೊದಲ ಬಾರಿಗೆ ನನ್ನದೇ ಅಹವಾಲನ್ನು ವಿನಯದಿಂದ ಮಂಡಿಸುತ್ತಿದ್ದೇನೆ.

ತಮ್ಮ ಸಮಯಪಾಲನೆಗೆ ಸಾಟಿಯಿರಲಿಲ್ಲ. ಎರಡು ವರ್ಷ, ನಾನು ಒಂದಕ್ಕೆ ಹೋದಾಗಲೆಲ್ಲ ತಲೆ ಸಿಡಿಯುತ್ತಿತ್ತು, ಎದೆ ಬಡಿದುಕೊಳ್ಳುತ್ತಿತ್ತು, ಅಂಗಿ ಬೆವರಿನಲ್ಲಿ ತೊಯ್ಯುತ್ತಿತ್ತು. ನನ್ನ ಅವ್ವ ಅಂಬವ್ವ ತಕ್ಷಣ ರೋಗ ಪತ್ತೆಹಚ್ಚಿದಳು: "ಎಲ್ಲಿ ಕುಂತಿದ್ದಿ, ಖರೇ ಹೇಳು. ಕಂಡಕಂಡ ಗಿಡದ ಬುಡಕ ಕುಂತ್ರ ದೆವ್ವದ ಗಾಳಿ ಬಿಟ್ಟೀತೇನು?" ಜಾಗ ಬದಲಿಸುವುದೇ ಚಿಕಿತ್ಸೆಯಾಯಿತು. ಬೇವಿನ ಬುಡ ಬಿಟ್ಟು ಹಾಳು ಗೋಡೆ, ಅದನ್ನು ಬಿಟ್ಟು ಶಹಾಪುರದ ಬಸ್ ನಿಲ್ದಾಣ, ಕೊನೆಗೆ ಭೀಮರಾಯನಗುಡಿಯ ಕಾಲುವೆ ದಂಡೆ. ಪ್ರತಿ ವರ್ಗಾವಣೆಗೂ ಒಂದು ನಿಂಬೆಹಣ್ಣು ಇಳಿಸಿ ಒಗೆದದ್ದಾಯಿತು. ತಾವು ಮಾತ್ರ ಎಲ್ಲ ಜಾಗಕ್ಕೂ ಒಂದೇ ನ್ಯಾಯ ಪಾಲಿಸಿದಿರಿ.

ಸರದಿಯಲ್ಲಿ ಒಂದು ತಾಸು ಕೂತೆದ್ದವನ ರಕ್ತದೊತ್ತಡ ಎಲ್ಲ ದವಾಖಾನೆಗಳಲ್ಲೂ ಸರಿಯಾಗಿಯೇ ಇತ್ತು. ಅಂಬರೀನ ಅವರೊಬ್ಬರೇ, "ಒಂದಕ್ಕ ಹೋಗಿ ಬರ್ರಿ, ಬಂದ ಕೂಡ್ಲೇ ಕೈ ಚಾಚ್ರಿ" ಎಂದು ಬಾಗಿಲಲ್ಲೇ ಯಂತ್ರ ಹಿಡಿದು ನಿಂತರು. ನೆಲ್ಲಿಕಾಯಿ ಗಾತ್ರದ ತಾವು, ಮೂತ್ರಕೋಶ ಹಿಂಡಿದಾಗಲೆಲ್ಲ ರಕ್ತಕ್ಕೆ ರಸ ಸುರಿದು ಒತ್ತಡ ಏರಿಸುವ ಅಪರೂಪದವರೆಂದು ಸ್ಕ್ಯಾನ್ ನೋಡಿ ಶಂಕಿಸಿದರು. ರುಜುವಾತಿಗೆ ಇಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಕೂಡಿಟ್ಟು ತಣ್ಣಗೆ ಕಾಪಾಡಬೇಕಿತ್ತು. ಹೆಂಡತಿ ನಂದಿನಿ ಅದನ್ನು ಫ್ರಿಜ್ಜಿನಲ್ಲಿಟ್ಟಳು. ಪಕ್ಕದಲ್ಲಿ ಅವ್ವನ ಸೋಮವಾರದ ನೈವೇದ್ಯದ ಹಾಲಿತ್ತು. ಸಂಜೆಗೆ ಕ್ಯಾನ್ ಬಿಸಿಲಲ್ಲಿ ಬೋರಲಾಗಿತ್ತು. "ದೇವರ ಹಾಲಿನ ಬಾಜೂಕ ಅದನ್ನ ಇಡತಾರೇನು? ಚೆಲ್ಲೀನಿ. ಕ್ಯಾನ್ ಛಲೋ ಅದ, ಎಣ್ಣಿಗಿ ಆಗತದ." ತಮ್ಮ ವಿರುದ್ಧದ ಸಾಕ್ಷ್ಯ ಮೋರಿ ಪಾಲಾಯಿತು, ನಾನು ಮತ್ತೊಂದು ದಿನ ಕೂಡಿಟ್ಟೆ, ಈ ಸಲ ತಮ್ಮ ಗುಟ್ಟು ರುಜುವಾತಾಯಿತು.

ಸಾಮಾನ್ಯ ಗಡ್ಡೆಯೆಂದು ಅವಸರದಲ್ಲಿ ಕೊಯ್ದಿದ್ದರೆ ತಮ್ಮ ರಸ ಒಮ್ಮೆಲೇ ಉಕ್ಕಿ ನನ್ನ ಜೀವ ಮೇಜಿನ ಮೇಲೆಯೇ ಹೋಗುವ ಸಂಭವವಿತ್ತಂತೆ. ಆದ್ದರಿಂದ ಎರಡು ವಾರ ಗುಳಿಗೆ ಕೊಟ್ಟು, ತಮ್ಮ ಸಿಟ್ಟಿಳಿಸಿ, ಕೂತ ಗೋಡೆಯ ತುಂಡಿನ ಸಮೇತ ತಮ್ಮನ್ನು ಬೀಳ್ಕೊಟ್ಟರು. ಇಷ್ಟೊಂದು ಮರ್ಯಾದೆ ನನ್ನ ಮದುವೆಯಲ್ಲಿ ಬೀಗರಿಗೂ ಆಗಿರಲಿಲ್ಲ.

ಈಗ ನನ್ನ ಕೋರಿಕೆ. ಮತ್ತೆ ಬರುವುದಿಲ್ಲವೆಂದು ಬರೆದುಕೊಡಿರೆಂದರೆ ಡಾಕ್ಟರು ನಕ್ಕರು: "ಬರದು ಹೆಂಗ ಕೊಡಾಕ ಬರತದ್ರಿ? ವರ್ಷಕ್ಕೊಮ್ಮೆ ಬರ್ರಿ, ನೋಡೋಣು." ಆದ್ದರಿಂದ ದಯಮಾಡಿ ತಾವೇ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಸಮಕ್ಷಮ, ಹೆಬ್ಬೆರಳಿದ್ದರೆ ಹೆಬ್ಬೆಟ್ಟೊತ್ತಿ ಬರೆದುಕೊಡಬೇಕು. ಒಕ್ಕಣೆ ನಾನೇ ಬರೆಯುತ್ತೇನೆ.

ತಮ್ಮ ಮುಖವನ್ನೇ ನೋಡದೆಯೂ ತಮ್ಮ ವಿಶ್ವಾಸಿಯಾದ,
ಭೀಮಾಶಂಕರ
ಅರ್ಜಿ ಬರಹಗಾರ, ಸುರಪುರ

ತಾ.ಕ.: ಈ ಬೆಳಿಗ್ಗೆ ಬಚ್ಚಲಿನಲ್ಲಿ ಎದೆ ಎರಡು ಬಡಿತ ಹೆಚ್ಚು ಬಡಿಯಿತು. ಚಹ ಕಡಕ್ ಆಗಿತ್ತೆಂದು ನಂದಿನಿಗೆ ಹೇಳಿದ್ದೇನೆ, ಅವಳೂ ನಂಬಿದಂತೆ ಮಾಡಿದ್ದಾಳೆ. ತಾವು ಹೋಗುವಾಗ ತಮ್ಮವರು ಯಾರನ್ನೂ ಒಳಗೆ ಬಿಟ್ಟು ಹೋಗಿಲ್ಲ, ಅಲ್ಲವೇ?