ಅಕ್ಕ ಹೆತ್ತಳು, ಮಾಮಾ ಮಲಗಿದರು

ನಮ್ಮ ಅಕ್ಕ ಕೂಸು ಹೆತ್ತಳು. ಬಾಣಂತನ ಮಾಡಿಸಿಕೊಂಡವರು ಅವಳ ಗಂಡ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ.

ಆ ಗಂಡ, ಅಂದರೆ ನಮ್ಮ ಮಾಮಾ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರು. ಅಕ್ಕ ಬಸುರಿಯಾದಾಗ ಅಮೆಜಾನ್ ಕಾಡಿನ ಬುಡಕಟ್ಟುಗಳ ಪುಸ್ತಕವೊಂದು ಅವರ ಕೈಗೆ ಸಿಕ್ಕಿತು. ಅಲ್ಲಿ ಕೆಲವರಲ್ಲಿ ಹೆಂಡತಿ ಹಡೆದರೆ ಗಂಡ ಜೋಲಿಯಲ್ಲಿ ಮಲಗಿ ಪಥ್ಯ ಹಿಡಿಯುತ್ತಾನಂತೆ. ಕೂಸಿನ ಜೀವ ಅಪ್ಪನ ಬೆನ್ನು ಹತ್ತಿ ತಿರುಗುತ್ತದಂತೆ. ಅಪ್ಪ ಕತ್ತಿ ಹಿಡಿದರೆ ಅದಕ್ಕೆ ಗಾಯ, ಓಡಿದರೆ ಅದಕ್ಕೆ ದಣಿವು.

ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಪ್ಪನೂ ಮುಟ್ಟುವಂತಿಲ್ಲ. "ಈಗೇ ಏನೂ ಹೇಳಾಕ ಆಗಂಗಿಲ್ಲ" ಎಂದರು ಡಾಕ್ಟರು. ಮಾಮಾ ಸೀದಾ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದು, ತೊಟ್ಟಿಲಿಗೆಂದು ಬಿಟ್ಟಿದ್ದ ಕೊಂಡಿಗೆ ಅವ್ವನ ಹಳೆ ಸೀರೆ ಕಟ್ಟಿ ಮಲಗಿಬಿಟ್ಟರು!

"ಅಳಿಯಂದ್ರ, ಹಡದಾಕಿ ದವಾಖಾನ್ಯಾಗ ಇದ್ದಾಳ. ನಿಮಗೆಲ್ಲಿ ನೋವು ಬಂದದ?" ಎಂದಳು ಅವ್ವ.

"ಅತ್ತೀ, ಖಾರ ಬ್ಯಾಡ್ರಿ. ಕೂಸಿನ ಹೊಟ್ಟಿ ಉರೀತದ."

ಅವ್ವ ಅವರ ತಟ್ಟೆಯ ಖಾರದ ಶೇಂಗಾ ಹಿಂಡಿಯನ್ನು ನನ್ನ ತಟ್ಟೆಗೆ ಸುರಿದಳು. ಲಾಭ ನನಗೆ!

ತೋಟದಿಂದ ಫೋನ್ ಬಂತು: "ಯಜಮಾನ್ರ, ಗೊನಿ ಹಣ್ಣಾಗ್ಯಾವ. ಕಡೀಲೇನ್ರಿ?"

"ನನ್ನ ಕತ್ತಿ ಮುಟ್ಟಿದ್ರ ನೋಡು!"

ಆ ಸಲ ಕಮಲಾಪುರದ ಅಳಿಲುಗಳೆಲ್ಲ ಮೈತುಂಬಿಕೊಂಡವು.

ಅವರ ಜೊತೆ ಆಸ್ಪತ್ರೆಗೆ ನಡೆದು ಹೋಗುವುದಂತೂ ದೊಡ್ಡ ಯಾತ್ರೆ. ಗಟಾರ ಸಿಕ್ಕಲ್ಲೆಲ್ಲ ಮಾಮಾ ಬೇವಿನ ಕಡ್ಡಿಯೊಂದನ್ನು ಅಡ್ಡ ಇಟ್ಟು ಕಾಯುತ್ತಿದ್ದರು. ಬೆನ್ನು ಹತ್ತಿ ಬರುವ ಕೂಸಿನ ಜೀವಕ್ಕೆ ಸೇತುವೆ!

"ಏನ್ ಕಳಕೊಂಡ್ರಿ ಸಾಹೇಬ್ರ?" ಎಂದ ಆಟೋದವನು.

"ಶ್! ನನ್ನ ಮಗಳು ದಾಟಾಕತ್ತಾಳ."

ಅವನು ಗಟಾರ ನೋಡಿದ, ಮಾಮಾರನ್ನು ನೋಡಿದ, ಆಮೇಲೆ ನನಗೆ ಮೆಲ್ಲಗೆ ಆಸ್ಪತ್ರೆಯ ದಾರಿ ತೋರಿಸಿದ.

ನಗುತ್ತಲೇ ಸೇಡಂ ರಸ್ತೆ ದಾಟುತ್ತಿದ್ದೆ. ಮಾಮಾ ನಟ್ಟನಡುವೆ ನಿಂತು ಹಿಂದೆ ನೋಡಿದರು. ಟಿಪ್ಪರ್ ಬಂತು. "ಮಾಮಾ, ಓಡ್ರೀ!" ಅವರು ಓಡಲಿಲ್ಲ. ಬ್ರೇಕು ಕಿರುಚಿತು, ಬಂಪರ್ ಅವರ ಅಂಗಿಗೆ ತಾಗಿ ನಿಂತಿತು. ಇಂದಿಗೂ ಕಣ್ಣು ಮುಚ್ಚಿದರೆ ಆ ಬಂಪರ್ ಬರುತ್ತಲೇ ಇರುತ್ತದೆ, ನಿಲ್ಲುವುದೇ ಇಲ್ಲ.

ಅವರನ್ನು ಬದಿಗೆಳೆದು ಕೂಗಾಡಿದೆ: "ಸಾಯಾಕ ಬಂದೀರೇನು? ಯಾಕ ಓಡ್ಲಿಲ್ಲ?"

"ಹ್ಯಾಂಗ ಓಡ್ಲಿ ತಮ್ಮಾ? ನಿಮ್ಮಕ್ಕ ಹಾಲು ಕೊಡ್ತಾಳ, ಡಾಕ್ಟರು ಔಷಧ ಕೊಡ್ತಾರ. ನನ್ನ ಪಾಲಿಗೆ ಇದೊಂದೇ ಉಳದದ, ಮೆಲ್ಲಕ ನಡಿಯೋದು."

ತಿರುಗಿ ನೋಡುವ ಧೈರ್ಯ ಈಗ ಅವರಿಗಿರಲಿಲ್ಲ.

"ಬಂದಾಳೇನು, ನೀನೇ ನೋಡು."

ಬಿ.ಎಸ್ಸಿ. ಓದಿದ ನಾನು ತಿರುಗಿ ನೋಡಿದೆ. ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಬರಾಕತ್ತಾಳ್ರೀ ಮಾಮಾ," ಎಂದೆ. "ಸ್ವಲ್ಪ ನಿಂದರ್ರಿ."