ಹಳೇ ನೀರಿನ ಟಾಕಿ

ರಮಾಕಾಂತ ಗೋಡೆಯ ಮೇಲೆ ಆ ಎರಡು ಸಾಲು ಬರೆಯದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಕೆರೆ ದಂಡೆಯ ಅವರ ಓಣಿಗೆ ನಳ ಬರುವುದು ಎಂಟು ದಿನಕ್ಕೊಮ್ಮೆ. ಕಣ್ಣೆದುರಿಗೇ ಕೆರೆಯಿದೆ, ಆದರೆ ಅದು ಸಿರಿವಂತ ಬೀಗರಿದ್ದ ಹಾಗೆ. ತೋರಿಸಿ ಹೆಮ್ಮೆಪಡಬಹುದು, ಉಪಯೋಗಕ್ಕಿಲ್ಲ. ನಳ ಬರುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮನೆಮನೆಯವರೂ ಬ್ಯಾರಲ್ಲಿನಲ್ಲಿ ಉಳಿದದ್ದನ್ನು ‘ಹಳೇ ನೀರು’ ಎಂದು ಗಟಾರಕ್ಕೆ ಸುರಿಯುತ್ತಿದ್ದರು. ನಿನ್ನೆಯವರೆಗೆ ತೀರ್ಥ, ಇವತ್ತು ಹೊಲಸು!

ನೀರು ಉಳಿಸುವ ಸಮಿತಿಯ ಕಾರ್ಯದರ್ಶಿ ರಮಾಕಾಂತನಿಗೆ ಮೈಯುರಿಯಿತು. ಕೆಂಪು ಬಣ್ಣದಲ್ಲಿ ಬರೆದೇಬಿಟ್ಟ: ‘ಹಳೇ ನೀರು ಚೆಲ್ಲಿದವರ ನಳಕ್ಕೆ ಬೀಗ. ನಳ ಬರುವ ದಿನ ಹೆಚ್ಚು ನೀರು ಉಳಿಸಿದ ಮನೆಗೆ ಸಾವಿರ ಲೀಟರಿನ ಟಾಕಿ.’ ಟಾಕಿ ಕೊಡಲು ಸಮಿತಿಯ ಅಧ್ಯಕ್ಷ, ಅರಳೆ ವ್ಯಾಪಾರಿ ಮಹಾಂತಯ್ಯ ಒಪ್ಪಿದ್ದರು.

ಆ ಟಾಕಿ ರಮಾಕಾಂತನಿಗೇ ಬೇಕಿತ್ತು. ಹೆಂಡತಿ ಮಂದಾಕಿನಿ ಆರು ವರ್ಷದಿಂದ ‘ಟಾಕಿ, ಟಾಕಿ’ ಎಂದು ಜಪ ಮಾಡುತ್ತಿದ್ದಳು. ಎಂಟು ದಿನ ಅವನು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡಿದ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ತಾನು ದುಡಿಯುವ ಕಾರ್ಖಾನೆಯಲ್ಲಿ ಸೋರುವ ನಳಗಳಿಗೆಲ್ಲ ಚಿಂದಿ ಕಟ್ಟಿದ.

ಎಂಟನೆಯ ದಿನ ಮಧ್ಯಾಹ್ನ ಕಾರ್ಖಾನೆಗೆ ಫೋನು ಬಂತು.

“ರೀ, ಸಂಜಿಗೆ ನಳ ಬರ್ತದಂತ. ಬ್ಯಾರಲ್ ತೊಳೀಲೇನು?”

“ಏ ಮಾರಾಯ್ತಿ, ಒಂದು ಹನಿ ಚೆಲ್ಲಬ್ಯಾಡ! ಬರ್ಲಿಕ್ಕತ್ತೀನಿ!”

ಸಾಹೇಬರ ಕೈಕಾಲು ಹಿಡಿದು ರಜೆ ಪಡೆದ. ಕಾರ್ಖಾನೆಯ ಫಿಲ್ಟರು ಹೊರಹಾಕಿದ ನೀರೂ ಲೆಕ್ಕಕ್ಕೆ ಬರಲೆಂದು ಎರಡು ಕ್ಯಾನು ತುಂಬಿ ಸ್ಕೂಟರಿನ ಮೇಲೆ ಕಾಲ ನಡುವೆ ಇಟ್ಟುಕೊಂಡ. ರಸ್ತೆಯ ಮೊದಲ ಉಬ್ಬಿಗೇ ಒಂದರ ಮುಚ್ಚಳ ಹಾರಿತು. ಸಿಗ್ನಲ್ಲಿನಲ್ಲಿ ಪ್ಯಾಂಟು ತೊಟ್ಟಿಕ್ಕುವುದನ್ನು ಕಂಡ ಆಟೋದವನೊಬ್ಬ, “ಸರ್, ಅಷ್ಟು ಅರ್ಜಂಟ್ ಇದ್ರ ಗಾಡಿ ಬಾಜೂಕ ಹಚ್ಚಬೇಕಿತ್ರಿ” ಎಂದ.

ಮನೆಗೆ ಬಂದರೆ ಬಾಗಿಲಲ್ಲಿ ಕೊಡ ಹೊತ್ತ ಹೆಂಗಸರ ಸಾಲು! ಮಹಾಂತಯ್ಯನವರ ಹೆಂಡತಿ ಶಿವಬಸವ್ವ ಅವನ ಬ್ಯಾರಲ್ಲಿಗೆ ಕೊನೆಯ ಕೊಡ ಸುರಿಯುತ್ತಿದ್ದರು.

“ಇದೇನ್ ಮಾಡ್ಲಿಕ್ಕತ್ತೀರಿ, ಅಕ್ಕಾರ?”

“ನಿಮ್ಮ ಗ್ವಾಡಿನ ಕೇಳ್ರಿ. ಚೆಲ್ಲಿದ್ರ ಬೀಗ ಅಂತ ಬರದೀರಿ. ನಮಗ ಟಾಕಿ ಬ್ಯಾಡ್ರಿ ಮಾರಾಯ್ರ, ತಾಜಾ ನೀರು ಬೇಕು. ಉಳಸೋ ಹುಚ್ಚು ನಿಮಗೈತಿ, ಉಳಸ್ರಿ!”

ಬ್ಯಾರಲ್ಲು, ಬಕೆಟ್ಟು, ಹಂಡೆ, ಕುಕ್ಕರು, ದೇವರ ತಂಬಿಗೆ, ಎಲ್ಲವೂ ತುಂಬಿ ತುಳುಕುತ್ತಿದ್ದವು. ಸಿಟ್ಟಿಗೆದ್ದ ರಮಾಕಾಂತ ಮರುಕ್ಷಣವೇ ತನ್ನ ಕ್ಯಾನುಗಳನ್ನೂ ಅವುಗಳ ಸಾಲಿಗೆ ಇಟ್ಟ. ಟಾಕಿ ತನ್ನದೇ ಅಲ್ಲವೇ!

ಮಹಾಂತಯ್ಯ ಅಳತೆಯ ಕೋಲು ಹಿಡಿದು ಬಂದರು. ಉಳಿದ ಮನೆಗಳಲ್ಲಿ ಕೋಲು ಹನಿಯೂ ಹತ್ತದೆ ಹೊರಬಂತು. ರಮಾಕಾಂತನ ಬ್ಯಾರಲ್ಲಿನಲ್ಲಿ ಕೋಲಷ್ಟೇ ಅಲ್ಲ, ಅವರ ಅಂಗಿಯ ತೋಳೂ ಮುಳುಗಿತು.

“ಭಪ್ಪರೆ! ಕಾರ್ಯದರ್ಶಿ ಅಂದ್ರ ಹಿಂಗಿರಬೇಕು ನೋಡ್ರಿ. ಟಾಕಿ ದುರ್ಗದಬೈಲ್ ಪ್ಯಾಟಿಯಿಂದ ಹೊಂಟೈತಿ!”

ಚಪ್ಪಾಳೆ ಬಿದ್ದವು. ಮಂದಾಕಿನಿ ಆರು ವರ್ಷದಲ್ಲಿ ಮೊದಲ ಸಲ ಗಂಡನನ್ನು ಪ್ರೀತಿಯಿಂದ ನೋಡಿದಳು. ಅಷ್ಟರಲ್ಲಿ ಓಣಿಯ ತುದಿಯಿಂದ ಕೂಗು: “ನಳ ಬಂತೂ!”

ಎಲ್ಲರೂ ತಂತಮ್ಮ ಖಾಲಿ ಬ್ಯಾರಲ್ಲಿಗೆ ಓಡಿದರು. ರಮಾಕಾಂತನ ನಳವೂ ಭರ್ರನೆ ಬಂತು. ಹಿಡಿಯಲು ಒಂದು ಲೋಟವೂ ಖಾಲಿ ಇರಲಿಲ್ಲ! ಅವನು ಹಳೇ ನೀರಿನ ಬಕೆಟ್ಟನ್ನು ಮೆಲ್ಲಗೆ ಗಟಾರದತ್ತ ಎಳೆದ.

“ಹಾಂ ಹಾಂ! ಗ್ವಾಡಿ, ಗ್ವಾಡಿ!” ಎಂದರು ಮಹಾಂತಯ್ಯ.

ಗಿಡಕ್ಕೆ ಹಾಕೋಣವೆಂದರೆ ಇದ್ದದ್ದು ಒಂದೇ ತುಳಸಿ. ಅದು ಆಗಲೇ ಎರಡು ಕೊಡ ಕುಡಿದು ಕುತ್ತಿಗೆತನಕ ನೀರಿನಲ್ಲಿ ನಿಂತಿತ್ತು. ಚೆಲ್ಲಬಾರದೆಂದು ರಮಾಕಾಂತ ತನ್ನ ನಳವನ್ನು ತಾನೇ ಬಂದ್ ಮಾಡಿ, ಟಾಕಿಯ ದಾರಿ ಕಾಯುತ್ತ ಕೂತ.

ಟಾಕಿ ಏಳು ಗಂಟೆಗೆ ಬಂತು. ನಾಲ್ಕು ಮಂದಿ ಇಳಿಸಿ, ಪೈಪು ಹಚ್ಚಿ, ನಳ ತಿರುವಿದರು. ಅದು ಒಮ್ಮೆ ಕೆಮ್ಮಿ, ಸುಸ್ ಎಂದು ಸುಮ್ಮನಾಯಿತು. ಇನ್ನು ಎಂಟು ದಿನ ಅದರ ಮಾತಿಲ್ಲ.

ರಮಾಕಾಂತ ಟಾಕಿಗೆ ಬೆನ್ನು ಹಚ್ಚಿ ಕುಸಿದ. ಮಂದಾಕಿನಿ ಬೈಯಲಿಲ್ಲ. ಟಾಕಿಯ ಹೊಟ್ಟೆ ಸವರಿ, ನಗುತ್ತಲೇ ಚಹಾ ತಂದಳು.

ಒಂದು ಗುಟುಕು ಕುಡಿದು ಅವನು ಕಪ್ಪಿನೊಳಗೆ ಇಣುಕಿದ. “ಇದು ಯಾರ ಮನೀ ನೀರು?”

“ಇವತ್ತು ಶಿವಬಸವ್ವಾರ ಮನೀದು. ನಾಳೆ ಎಡಬಾಜೂದವರದು. ಸರತಿ ಹಚ್ಚೀನಿ.”

ರಮಾಕಾಂತ ಇನ್ನೊಂದು ಗುಟುಕು ನುಂಗಿದ. “ಇರ್ಲಿ. ಎಡಬಾಜೂದವರ ಬ್ಯಾರಲ್ ನಾರ್ತದ, ಆ ನೀರಿಗೆ ಶುಂಠಿ ಸ್ವಲ್ಪ ಜಾಸ್ತಿ ಹಾಕು.”