ಮೊಸಳೆ ಬಿಟ್ಟು ತೆಗೆದ ಸಿನಿಮಾ

ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನಿಗೆ ಪರದೆಯ ಮೇಲೆ ನಡೆದದ್ದಕ್ಕಿಂತ ಪರದೆಯ ಮುಂದೆ ನಡೆದದ್ದೇ ಹೆಚ್ಚು ನೆನಪಿರುತ್ತದೆ. ಮಹಾಯುದ್ಧದ ಕಾಲದಲ್ಲಿ ನಮ್ಮ ಡೇರೆ ಮದ್ದೂರಿನಲ್ಲಿತ್ತು. ಅಲ್ಲಿ ಒಂದು ಕೆಟ್ಟ ಸಿನಿಮಾ ನನ್ನನ್ನು ನಗಿಸಿದಷ್ಟು ಯಾವ ಒಳ್ಳೆಯ ಸಿನಿಮಾವೂ ನಗಿಸಿಲ್ಲ.

ಜಗಲಿಯ ಮೇಲೆ

ಡೇರೆಯ ಎದುರಿಗೇ ಒಬ್ಬ ಮೇಷ್ಟ್ರ ಮನೆ. ಸಂಜೆಯಾದರೆ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಒಂದು ಸಾಹಸದ ಕಾದಂಬರಿ ಓದುತ್ತಿದ್ದರು. ಅಕ್ಷರ ಬಾರದ ಬೀದಿಯ ಜನವೆಲ್ಲ ಅಲ್ಲಿ ಸೇರುತ್ತಿತ್ತು. ನಾಯಕ ಕೋಟೆಗೋಡೆಯಿಂದ ಕಂದಕಕ್ಕೆ ಹಾರಿ ಮೊಸಳೆಯ ಜತೆ ಸೆಣಸುವ ಭಾಗ ಬಂದ ದಿನ ಯಾರೂ ಕೆಮ್ಮಲೂ ಇಲ್ಲ.

ಡೇರೆಯಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಮಾತ್ರ ಆವತ್ತು ಹಲಗೂರಿಗೆ, ಮಗಳ ಮನೆಗೆ ಹೋಗಿದ್ದಳು. ಮರುದಿನ ಬಂದವಳೇ ಮೇಷ್ಟ್ರ ಮೇಲೆ ಹರಿಹಾಯ್ದಳು: “ನಾನು ಬರಗಂಟ ಅವ್ನ ಯಾಕೆ ಆರಾಕೆ ಬುಟ್ರಿ?”

ಮೇಷ್ಟ್ರು ನಕ್ಕು, ನಾಯಕನನ್ನು ಮತ್ತೆ ಗೋಡೆ ಹತ್ತಿಸಿದರು.

ಮೊಣಕಾಲುದ್ದ ನೀರು

ಅದೇ ಕಾದಂಬರಿ ಸಿನಿಮಾ ಆಗಿ ನಮ್ಮ ಡೇರೆಗೆ ಬಂತು. ಮೇಷ್ಟ್ರು ತಮ್ಮ ಮನೆಯ ಮದುವೆಗೆ ಕರೆಯುವ ಹಾಗೆ ಎಲ್ಲರನ್ನೂ ಕರೆದು, ಕೋಟು ತೊಟ್ಟು ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ನಾಯಕ ಹಾರಲೇ ಇಲ್ಲ. ಮೆಟ್ಟಿಲಿಳಿದು ಬಂದು, ಪಂಚೆ ಮೇಲೆತ್ತಿಕೊಂಡು, ಮೊಣಕಾಲುದ್ದದ ನೀರನ್ನು ಹಾಡು ಹೇಳುತ್ತಾ ದಾಟಿದ. ಮೊಸಳೆಯ ಸುಳಿವೇ ಇಲ್ಲ.

“ನಮ್ ಕೊತ್ತತ್ತಿ ನಾಲೇಲಿ ಎಮ್ಮೆ ತೊಳ್ಯಾಕೂ ಇದ್ಕಿಂತ ಎಚ್ಚು ನೀರು ಇರ್ತದೆ ಕಣ್ಲಾ!” ಎಂದು ನೆಲದಲ್ಲಿ ಕೂತಿದ್ದ ಒಬ್ಬ ಕೂಗಿದ. ಆಮೇಲೆ ಎಲ್ಲರೂ ಪರದೆ ಬಿಟ್ಟು ಮೇಷ್ಟ್ರ ಕಡೆ ತಿರುಗಿದರು. ಕಣ್ಣಾರೆ ಕಂಡದ್ದು ನಿಜ, ಹಾಗಾದರೆ ಮೇಷ್ಟ್ರು ಓದಿದ್ದು ಸುಳ್ಳು. ಆ ಗಲಾಟೆಯಲ್ಲಿ ಮುಂದೆ ಬಂದದ್ದನ್ನು ಯಾರೂ ನೋಡಲಿಲ್ಲ.

ಮೇಷ್ಟ್ರು ಓಡಿಹೋಗಿ ಪುಸ್ತಕ ತಂದು ತೋರಿಸಿದರು. ಎಮ್ಮೆಯ ಮಾತು ಕೂಗಿದವನೇ ಹೇಳಿದ: “ಅದ್ರಲ್ಲಿ ಏನ್ ಬರ್ದದೆ ಅಂತ ಓದಿ ಏಳೋರೂ ನೀವೇ ತಾನೆ?”

ಮಳವಳ್ಳಿಯ ತಮಟೆ

ಪೆಟ್ಟಿಗೆ ಎತ್ತಿಕೊಂಡು ಮಳವಳ್ಳಿಗೆ ಹೋದೆವು. ನಮ್ಮ ಧಣಿಗೆ ಮೇಷ್ಟ್ರ ಕತೆ ಹಿಡಿಸಿತ್ತು. ಗಾಡಿ ಕಟ್ಟಿಸಿ, ತಮಟೆ ಹೊಡೆಸಿ, “ಮೊಸಳೆ ಕಾಳಗ!” ಎಂದು ಸಾರಿಸಿಬಿಟ್ಟರು. ಆಟ ಮುಗಿದ ಮೇಲೆ ಜನ ಧಣಿಯನ್ನು ಸುತ್ತುಗಟ್ಟಿದರು.

“ಮೊಸಳೆ ನೀರೊಳಗೆ ಅದೆ ಕಣ್ರಪ್ಪ, ಮ್ಯಾಕೆ ಬರಲಿಲ್ಲ ಅಷ್ಟೇಯ” ಅಂದರು ಧಣಿ.

“ಮೊಣಕಾಲುದ್ದ ನೀರಲ್ಲಿ ಮುಳುಗಿರೋದು ಮೊಸಳೆ ಅಲ್ಲ ಧಣಿ, ಓತಿಕ್ಯಾತ!”

ಮತ್ತೆ ಮದ್ದೂರು

ಯುದ್ಧದಿಂದಾಗಿ ಹೊಸ ಸಿನಿಮಾ ಸಿಗದೆ, ಮರುವರ್ಷ ಅದನ್ನೇ ಮದ್ದೂರಿಗೆ ತಂದೆವು. ಮೇಷ್ಟ್ರ ಜಗಲಿ ಖಾಲಿ ಹೊಡೆಯುತ್ತಿತ್ತು. ಬೀದಿಯಲ್ಲಿ ಅವರು ಎದುರಾದರೆ ಜನ ಮುಸಿಮುಸಿ ನಗುತ್ತಿದ್ದರು. ಅಷ್ಟು ಚೆನ್ನಾಗಿ ಓದುವ ಮನುಷ್ಯ ಬಾಯಿ ಕಟ್ಟಿಕೊಂಡು ಕೂತದ್ದು ನನಗೆ ನೋಡಲಾಗಲಿಲ್ಲ. ಬಲವಂತ ಮಾಡಿ ಡೇರೆಗೆ ಕರೆತಂದೆ. ಈ ಸಲ ಅವರು ನೆಲದಲ್ಲಿ, ಕಂಬದ ಮರೆಯಲ್ಲಿ ಕೂತರು.

ನಮ್ಮಲ್ಲಿದ್ದದ್ದು ಒಂದೇ ಮಿಷನ್ನು. ಪ್ರತಿ ರೀಲು ಮುಗಿದಾಗಲೂ ದೀಪ ಹಾಕಿ ಬದಲಾಯಿಸಬೇಕು. ನಾಯಕ ಎಂದಿನಂತೆ ಹಾಡುತ್ತಾ ನೀರು ದಾಟಿದ. ಮರುಕ್ಷಣ ಅರಮನೆಯಲ್ಲಿ ತೋಳಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ನಿಂತಿದ್ದ! ಸಿನಿಮಾದವರು ಮೊಸಳೆಯನ್ನು ಬಿಟ್ಟರೂ ಪಟ್ಟಿ ಬಿಚ್ಚುವುದನ್ನು ಮರೆತಿದ್ದರು. ಮೊಸಳೆಯ ಗಲಾಟೆಯಲ್ಲಿ ಅದುವರೆಗೆ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಅಲ್ಲಿಗೆ ರೀಲು ಮುಗಿದು ದೀಪ ಹತ್ತಿತು.

“ಅಯ್ಯೋ, ತೋಳಿಗೆ ಏನಾಯ್ತಪ್ಪ?” ಅಂದಳು ಕಡಲೆಕಾಯಿ ಅಜ್ಜಿ.

ಕಂಬದ ಮರೆಯಿಂದ ಮೇಷ್ಟ್ರು ಎದ್ದರು. “ಮೊಸಳೆ ಕಚ್ಚಿತು!”

ಒಬ್ಬ ಮೆಲ್ಲಗೆ, “ಔದು ಕಣ್ಲಾ, ಇಲ್ದಿದ್ರೆ ಗಾಯ ಎಲ್ಲಿಂದ ಬಂತು?” ಅಂದ. ಅಷ್ಟು ಸಾಕಾಯಿತು. ಮೇಷ್ಟ್ರು ಮಾತಿನಲ್ಲೇ ಗೋಡೆಯಿಂದ ಹಾರಿದರು, ಮುಳುಗಿದರು, ಕತ್ತಿ ಹಿರಿದರು. ಆ ದನಿ ಮತ್ತೆ ಕೇಳಿ ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಧಣಿ ಸನ್ನೆ ಮಾಡಿದರು. ದೀಪ ಆರಿಸಿ ಹೊಸ ರೀಲು ಬಿಟ್ಟೆ. ಪರದೆಯ ಮೇಲೆ ನಾಯಕ ರಾಜಕುಮಾರಿಯ ಕೈ ಹಿಡಿದುಕೊಂಡು ರಾಗ ಎಳೆದ. ಇಡೀ ಡೇರೆ ನನ್ನ ಮೇಲೆ ಎಗರಿಬಿತ್ತು: “ಲೇ, ನಿಲ್ಸ್ಲಾ ಅದ್ನ!”

ಅಜ್ಜಿಯ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು: “ಇವ್ನು ಬದುಕವ್ನೆ ಅನ್ನೋದು ಕಣ್ಣಿಗೇ ಕಾಣ್ತದೆ! ಮೊಸಳೆ ಏನಾಯ್ತು, ನೀವು ಕತೆ ಏಳಿ ಮೇಷ್ಟ್ರೇ!”